ಕೆಂಪು ಬೆಳಕಿಗೆ ಒಡೆದ ಹರಳು

ಮಾರ್ಚ್ ೩, ಸೋಮವಾರ

ಇಂದು ಕೆಲಸಕ್ಕೆ ಸೇರಿದೆ. ಸಂಶೋಧನಾಲಯದ ಮೂರನೆಯ ಮಹಡಿ. ಕತ್ತಲೆ ಕೋಣೆ ನೋಡಿಕೊಳ್ಳುವುದು, ಗಾಜಿನ ಸಾಮಾನು ತೊಳೆದಿಡುವುದು. ತಮ್ಮನ ಹೆಂಡತಿ ಅದೇ ಕಟ್ಟಡದ ಸ್ಟೋರಿನಲ್ಲಿ ಸಾಮಾನು ಕೊಡುವವಳು. ಅವಳೇ ಯಾರಿಗೋ ಹೇಳಿ ಕೊಡಿಸಿದ್ದು. "ನಮ್ಮ ಭಾವ ಆಯಸ್ಸೆಲ್ಲ ಸ್ಟುಡಿಯೋದ ಡಾರ್ಕ್‌ರೂಮಲ್ಲೇ ಕಳೆದವರು, ಕತ್ತಲಂದ್ರೆ ಹೆದರಲ್ಲ" ಎಂದಳಂತೆ.

ತಮ್ಮ ಫೋಟೋ ತೆಗೆಯುತ್ತಿದ್ದ, ನಾನು ಒಳಗೆ ತೊಳೆಯುತ್ತಿದ್ದೆ. ಗಿರಾಕಿಗಳ ಹತ್ತಿರ ಮಾತು ಅವನದು. ಮನೆಯಲ್ಲಿಯೂ ಅವನದೇ. ಅವನು ತೀರಿಕೊಂಡ ಮೇಲೆ ನಾನೂ ಅವನ ಹೆಂಡತಿಯೂ ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ. ಉಪ್ಪು ಬೇಕಾದರೆ ಕೇಳುತ್ತೇವೆ.

ಇಲ್ಲಿ ಸಂಶೋಧನೆ ಮಾಡುವ ಒಬ್ಬ ಹುಡುಗಿ ಇದ್ದಾಳೆ. ತಲೆ ತುಂಬ ಗುಂಗುರು ಕೂದಲು, ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುತ್ತಾರೆ. ಅವಳು ನನ್ನನ್ನು ತಮ್ಮನ ಹಾಗೇ ಅಣ್ಣ ಎಂದಳು. ಬೇರೆ ಏನಾದರೂ ಕರೆಯಮ್ಮ ಎನ್ನಬೇಕೆನಿಸಿತು.

ಮಾರ್ಚ್ ೫, ಬುಧವಾರ

ಕತ್ತಲೆ ಕೋಣೆ ನಮ್ಮ ಸ್ಟುಡಿಯೋದ ಕೋಣೆಗಿಂತ ದೊಡ್ಡದು. ಆದರೆ ಫೋಟೋ ತೊಳೆಯುವ ಹೈಪೋ ವಾಸನೆ ಇಲ್ಲ, ಅದೊಂದು ಕೊರತೆ. ಗೋಡೆಯಲ್ಲಿ ಮಂಕು ಹಸಿರು ದೀಪ. ಸೂಕ್ಷ್ಮದರ್ಶಕದ ಕೆಳಗೂ ಹಸಿರು ದೀಪವೇ. "ಇಲ್ಲಿ ಹಸಿರು ಮಾತ್ರ ಅಣ್ಣ" ಎಂದಳು ಗುಂಗುರು. ಆಯಿತು ಎಂದೆ.

ಕೆಲಸ ಇಷ್ಟು. ಅಂಗೈಯಗಲದ ಪ್ಲಾಸ್ಟಿಕ್ ಟ್ರೇಯಲ್ಲಿ ಸಣ್ಣ ಸಣ್ಣ ಗುಳಿಗಳು. ಒಂದೊಂದರಲ್ಲೂ ಒಂದು ಹನಿ. ಹನಿಯಲ್ಲಿ ಅವಳ ಪ್ರೋಟೀನು. ನೀರು ಮೆಲ್ಲಗೆ ಆರುತ್ತಾ ಬಂದಂತೆ, ಅದೃಷ್ಟವಿದ್ದರೆ, ಸಕ್ಕರೆ ಹರಳುಗಟ್ಟುವ ಹಾಗೆ ಅದೂ ಹರಳುಗಟ್ಟುತ್ತದೆ. ದಿನಾ ಬಗ್ಗಿ ನೋಡಿ, ಬಂತೋ ಇಲ್ಲವೋ ಬರೆದಿಡಬೇಕು.

ಬರಲಿಲ್ಲ.

ಮಾರ್ಚ್ ೧೨, ಬುಧವಾರ

ಇಲ್ಲ. ತೊಳೆದೆ, ಒರೆಸಿದೆ, ಬಂದೆ.

ಮಾರ್ಚ್ ೧೯, ಬುಧವಾರ

ಇಂದು ಗುಂಗುರು ಚಹಾ ಹಿಡಿದುಕೊಂಡು ಬಂದು ನನ್ನ ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಕೂತಳು. "ಯಾತಕ್ಕೆ ಕಾಯ್ತಿದ್ದೀವಿ ಅಂತ ನಿಮಗೆ ಗೊತ್ತೇ ಇಲ್ಲ, ಆದರೂ ದಿನಾ ಅಷ್ಟು ಶ್ರದ್ಧೆಯಿಂದ ಇಲ್ಲ ಅಂತ ಬರೀತೀರಲ್ಲ ಅಣ್ಣ, ನೋಡಿದರೆ ಅಳು ಬರುತ್ತೆ" ಎಂದಳು. ಆಮೇಲೆ ಹೇಳತೊಡಗಿದಳು. ನಾನು ಸೀಸೆ ತೊಳೆಯುವುದನ್ನು ನಿಲ್ಲಿಸಿಬಿಟ್ಟೆ.

ಬರಿಗಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾ. ಅದಕ್ಕೆ ಕಣ್ಣಿಲ್ಲ. ಆದರೂ ತಾನು ಬಿಸಿಲಿನಲ್ಲಿದ್ದೇನೆಯೋ ನೆರಳಿನಲ್ಲಿದ್ದೇನೆಯೋ ಅದಕ್ಕೆ ತಿಳಿಯುತ್ತದೆ. ತಿಳಿಸುವುದು ಈ ಪ್ರೋಟೀನು. ಪ್ರೋಟೀನೆಂದರೆ ಒಂದು ಉದ್ದ ಸರಪಳಿ. ಅದು ಮಡಚಿ ಮಡಚಿ ಒಂದು ಆಕಾರಕ್ಕೆ ಬರುತ್ತದೆ, ಆ ಆಕಾರದಲ್ಲೊಂದು ಜೇಬು. ಜೇಬಿನಲ್ಲಿ ಒಂದು ಚೂರು ಬಣ್ಣ. "ಪೆಟ್ಟು ಬಿದ್ದು ಕಂದಿದ ಜಾಗ ಕೆಲವು ದಿನಕ್ಕೆ ಹಸಿರಾಗುತ್ತಲ್ಲ, ಅದೇ ಬಣ್ಣ ಅಣ್ಣ. ಸುಳ್ಳಲ್ಲ." ಬೆಳಕು ಬಿದ್ದ ಕ್ಷಣ ಆ ಬಣ್ಣದ ಒಂದು ತುದಿ ಮಗ್ಗಲು ಬದಲಿಸುತ್ತದೆ. ಅಷ್ಟೇ. ಅಷ್ಟು ಸಣ್ಣ ಅಲುಗಾಟಕ್ಕೆ ಜೇಬು ಸಡಿಲವಾಗಿ, ಪ್ರೋಟೀನಿನಿಂದ ಹೊರಚಾಚಿದ ಒಂದು ಮಡಿಕೆ ಬೇರೆಯೇ ಆಕಾರ ತಾಳಿ, ಕೊನೆಗೆ ಇಡೀ ಪ್ರೋಟೀನು ಕೈಕಾಲು ಚಾಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬೆಳಕು ಬಂತೆಂಬ ಸುದ್ದಿ ಮುಟ್ಟುವುದು ಹೀಗೆ. ಆ ಮಡಿಕೆಗೆ ಇವರು ನಾಲಿಗೆ ಎಂದು ಹೆಸರಿಟ್ಟಿದ್ದಾರೆ. ಕತ್ತಲಲ್ಲಿ ಪಟ್ಟಿಯಂತೆ ಚಪ್ಪಟೆ, ಬೆಳಕಲ್ಲಿ ಸುರುಳಿ. ಬೇರೆಯವರು ನೋಡಿದ ಪ್ರೋಟೀನುಗಳಲ್ಲಿ ಹಾಗೆ. ಇವಳದರಲ್ಲಿ ಹೇಗೋ ಯಾರೂ ನೋಡಿಲ್ಲ.

"ಒಂದೇ ಒಂದನ್ನ ಹಿಡಿಯೋ ಕ್ಯಾಮೆರಾ ನಮ್ಮ ಹತ್ತಿರ ಇಲ್ಲ. ಲೆಕ್ಕವಿಲ್ಲದಷ್ಟು ಒಂದೇ ಥರ ಸಾಲಾಗಿ ನಿಲ್ಲಬೇಕು. ಅದೇ ಹರಳು. ಅದರಲ್ಲಿ ಎಕ್ಸ್‌ರೇ ಹಾಯಿಸಿದರೆ ಚುಕ್ಕೆ ಬೀಳುತ್ತವೆ, ಚುಕ್ಕೆಯಿಂದ ಆಕಾರ ಲೆಕ್ಕ ಹಾಕ್ತೀವಿ."

"ಗ್ರೂಪ್ ಫೋಟೋ" ಎಂದೆ.

ಅವಳು ಚಹಾ ಚೆಲ್ಲಿಕೊಂಡು ನಕ್ಕಳು. "ಅದೇ ಅಣ್ಣ. ಯಾರೂ ಅಲುಗಾಡಬಾರದು."

ಆ ದೊಡ್ಡ ಎಕ್ಸ್‌ರೇ ಯಂತ್ರ ಬೇರೆ ಊರಿನಲ್ಲಿದೆ. ಏಪ್ರಿಲ್ ೨೯ಕ್ಕೆ ಇವರ ಸರದಿ. ಹೋದ ಎರಡು ಸಲವೂ ಬರಿಗೈಲಿ ಹೋಗಿ ಬಂದರಂತೆ. ಈ ಸಲವೂ ಹರಳಿಲ್ಲದಿದ್ದರೆ ಇವರ ಮುಖ್ಯಸ್ಥೆ ಮೇಡಂ ಈ ಪ್ರೋಟೀನನ್ನೇ ಕೈಬಿಡುತ್ತಾರೆ. "ನನ್ನ ನಾಲ್ಕು ವರ್ಷ ನೀರುಪಾಲು" ಎಂದು ಗುಂಗುರು ಎದ್ದು ಹೋದಳು.

ಊಟದ ಹೊತ್ತಿಗೆ ತಮ್ಮನ ಹೆಂಡತಿಗೆ ಪೆಟ್ಟಿನ ಬಣ್ಣದ ವಿಷಯ ಹೇಳಿದೆ. ಯಾಕೆ ಹೇಳಿದೆನೋ. ಅವಳು ಸುಮ್ಮನೆ ತೋಳು ಮಡಚಿ ಮೊಣಕೈ ತೋರಿಸಿದಳು. ಸ್ಟೋರಿನ ಕಬ್ಬಿಣದ ಕಪಾಟು ತಗುಲಿ ಕಂದಿದ್ದು ಹಸಿರಿಗೆ ತಿರುಗಿತ್ತು.

"ಇದಾ ಭಾವ?"

"ಅದೇ."

"ಹಾಗಾದ್ರೆ ನನ್ನ ಮೊಣಕೈಗೂ ಬೆಳಕು ಗೊತ್ತಾಗುತ್ತಾ?"

"ಬಣ್ಣ ಮಾತ್ರ ಸಾಲದು. ಅದಕ್ಕೆ ತಕ್ಕ ಜೇಬು ಬೇಕು" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಮಾರ್ಚ್ ೨೮, ಶುಕ್ರವಾರ

ಬಂತು.

ಬೆಳಿಗ್ಗೆ ಎರಡನೆಯ ಸಾಲಿನ ಗುಳಿಯಲ್ಲಿ ಏನೋ ಅಂಚು ಕಂಡಿತು. ಧೂಳಿರಬೇಕೆಂದು ಕಣ್ಣುಜ್ಜಿ ನೋಡಿದೆ. ಧೂಳಿಗೆ ಮೂಲೆಗಳಿರುವುದಿಲ್ಲ. ಉದ್ದನೆಯ ಇಟ್ಟಿಗೆಯಂಥವು, ಮೂಲೆ ಮೂಲೆ ಚೂಪಾಗಿ, ಯಾರೋ ಕೂತು ಕೆತ್ತಿದ ಹಾಗೆ. ಪಕ್ಕದ ಗುಳಿಯಲ್ಲೂ ಇದ್ದವು. ಅದರ ಪಕ್ಕದಲ್ಲೂ.

ಕೂಗಿದೆ. ನಾನು ಕೂಗಿದ್ದು ಕಾರಿಡಾರಿನ ಆ ತುದಿಗೆ ಕೇಳಿಸಿತಂತೆ. ಗುಂಗುರು ಓಡಿ ಬಂದು ಬಾಗಿಲಿಗೆ ಹಣೆ ಬಡಿಸಿಕೊಂಡಳು. ಕಣ್ಣು ಹಚ್ಚಿ ನೋಡಿದವಳು ಉಸಿರೇ ಬಿಡಲಿಲ್ಲ. ಆಮೇಲೆ ಮೇಡಂ ಬಂದರು. ಬೂದು ಕೂದಲಿನ, ಎತ್ತರದ ಹೆಂಗಸು, ಸಾಮಾನ್ಯವಾಗಿ ಯಾರ ಮುಖವನ್ನೂ ನೋಡದೆ ನಡೆಯುವವರು. ಬಹಳ ಹೊತ್ತು ನೋಡಿ, "ಇನ್ನೂ ಎರಡು ದಿನ ಬೆಳೀಲಿ. ಸೋಮವಾರ ತೆಗೆಯೋಣ" ಎಂದರು. ಹೊರಟವರು ತಿರುಗಿ ನನಗೆ, "ಒಳ್ಳೆ ಕಣ್ಣು" ಎಂದರು.

ಗುಂಗುರು ಶನಿವಾರ ಅಮ್ಮನನ್ನು ನೋಡಲು ಹೋಗುತ್ತಾಳೆ. "ಭಾನುವಾರ ಒಂದು ಸಲ ಇಣುಕಿ ನೋಡಿ ಅಣ್ಣ. ಮುಟ್ಟಬೇಡಿ, ನೋಡಿ ಅಷ್ಟೆ."

ಮಾರ್ಚ್ ೩೦, ಭಾನುವಾರ

ಎಲ್ಲ ಹಾಳುಮಾಡಿದೆ.

ಬೆಳಿಗ್ಗೆ ಹೋದೆ. ಸೂಕ್ಷ್ಮದರ್ಶಕದ ಕೆಳಗಿನ ಹಸಿರು ದೀಪ ಹತ್ತಲಿಲ್ಲ. ಸ್ಟೋರಿಗೆ ರಜೆ. ಮನೆಗೆ ಬಂದು ಸ್ಟುಡಿಯೋದ ಬೀಗ ತೆಗೆದು ನಮ್ಮ ಕೆಂಪು ದೀಪ ಒಯ್ದೆ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪಕ್ಕಿಂತ ಸುರಕ್ಷಿತವಾದದ್ದು ನಾನು ಕಂಡಿಲ್ಲ. ಫೋಟೋ ಕಾಗದಕ್ಕೆ ಕೆಂಪು ತಾಗುವುದಿಲ್ಲ, ನಾವು ಅದನ್ನು ಬೆಳಕೆಂದೇ ಎಣಿಸುತ್ತಿರಲಿಲ್ಲ. ಅದರ ಕೆಳಗೆ ಎಷ್ಟು ಸಾವಿರ ಮುಖಗಳನ್ನು ತೊಳೆದು ಎತ್ತಿದ್ದೇನೋ.

ಹಚ್ಚಿದೆ. ಹರಳು ದೊಡ್ಡದಾಗಿತ್ತು, ಎಷ್ಟು ಚೆನ್ನಾಗಿತ್ತು. ನೋಡುತ್ತಾ ನೋಡುತ್ತಾ ಒಂದು ಕೂದಲೆಳೆಯಂಥ ಗೆರೆ ಮೂಡಿತು. ಗೆರೆ ಓಡಿತು. ಹರಳು ಸೀಳಿಕೊಂಡಿತು. ಸದ್ದಿಲ್ಲ ಏನಿಲ್ಲ.

ಆ ಹರಳಿನಲ್ಲೇ ಏನೋ ದೋಷವಿರಬೇಕೆಂದುಕೊಂಡು ಪಕ್ಕದ್ದನ್ನು ನೋಡಿದೆ. ಅದೂ ಸೀಳಿತು. ಅಲ್ಲಿಗಾದರೂ ದೀಪ ಆರಿಸಬಾರದೇ. ಬುದ್ಧಿ ಓಡಲಿಲ್ಲ. ಒಂದಾದರೂ ಉಳಿದಿರಬಹುದೆಂದು ಒಂದೊಂದನ್ನೇ ದೀಪದ ಮೇಲೆ ತಂದು ನೋಡಿದೆ. ನೋಡಿದ್ದೆಲ್ಲ ಒಡೆಯಿತು.

ರಾತ್ರಿ ತಮ್ಮನ ಹೆಂಡತಿ, "ಯಾಕೆ ಭಾವ, ಊಟ ಸೇರ್ತಿಲ್ವಾ?" ಎಂದಳು. ತಲೆನೋವು ಎಂದೆ. ನನ್ನಿಂದ ಅವಳ ಹೆಸರೂ ಕೆಡುತ್ತದೆ.

ಮಾರ್ಚ್ ೩೧, ಸೋಮವಾರ

ಗುಂಗುರು ಮೆಟ್ಟಿಲು ಹತ್ತಿ ಬರುವಾಗಲೇ ಹೇಳಿಬಿಟ್ಟೆ. ಅವಳು ಚೀಲ ಹೆಗಲಲ್ಲಿದ್ದ ಹಾಗೇ ಮೆಟ್ಟಿಲ ಮೇಲೆ ಕೂತಳು.

"ಕೆಂಪಾ?" ಎಂದಳು. "ಅಣ್ಣ, ಅದಕ್ಕೆ ತಿಳಿಯೋ ಬೆಳಕೇ ಕೆಂಪು."

ಮತ್ತೆ ಅವಳೇ, "ನಾನು ಹೇಳಿರಲಿಲ್ಲ. ಹಸಿರು ಮಾತ್ರ ಅಂದೆ, ಯಾಕೆ ಅಂತ ಹೇಳಲಿಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ಬೈದಿದ್ದರೆ ವಾಸಿಯಿತ್ತು.

ಮೇಡಂ ಕೋಣೆಗೆ ಇಬ್ಬರೂ ಹೋದೆವು. ನಾನು ಕೆಲಸ ಬಿಡಲು ತಯಾರಾಗಿಯೇ ಹೋಗಿದ್ದೆ. ಪೂರ್ತಿ ಹೇಳಿ ಮುಗಿಸಿದೆ. ಮೇಡಂ ಪೆನ್ನು ಕೆಳಗಿಟ್ಟರು.

"ಒಡೆದಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ಹೌದು ಮೇಡಂ."

"ಹೇಗೆ ಒಡೀತು? ಅಡ್ಡಡ್ಡವಾ? ಚೂರು ಚೂರಾಯ್ತಾ?"

"ಇಲ್ಲ. ಉದ್ದಕ್ಕೆ. ಕಟ್ಟಿಗೆ ಸೀಳಿದ ಹಾಗೆ."

"ಎಲ್ಲವೂ?"

"ಎಲ್ಲವೂ ಹಾಗೇ."

ಮೇಡಂ ಎದ್ದು ನಿಂತರು. ಗುಂಗುರುವಿನ ಕಡೆ ತಿರುಗಿದರು. ಗುಂಗುರು ಆಗಲೇ ಬಾಯಿ ತೆರೆದಿದ್ದಳು. ಇಬ್ಬರೂ ಒಟ್ಟಿಗೇ ಮಾತಾಡಲು ಶುರು ಮಾಡಿದರು, ಒಬ್ಬರ ಮಾತು ಒಬ್ಬರು ಕೇಳುತ್ತಿರಲಿಲ್ಲ. ನನಗೆ ಅರ್ಥವಾಗಲೆಂದು ಕೊನೆಗೆ ಮೇಡಂ ಒಂದು ಉದಾಹರಣೆ ಕೊಟ್ಟರು. ಸಿನೆಮಾ ಮಂದಿರದಲ್ಲಿ ಜನ ಒತ್ತೊತ್ತಾಗಿ ಸಾಲಾಗಿ ಕೂತಿದ್ದಾರೆ. ಎಲ್ಲರೂ ಒಂದೇ ಸಲ ಒಂದೇ ಕಡೆಗೆ ಕಾಲು ಚಾಚಿದರೆ ಸಾಲು ಅದೇ ಕಡೆಗೆ ಒಡೆಯುತ್ತದೆ. ಇಷ್ಟು ದಿನ ಇವರಿಗಿದ್ದ ಹೆದರಿಕೆಯೇ ಬೇರೆ. ಹರಳಾಗಲೆಂದು ಪ್ರೋಟೀನನ್ನು ಸ್ವಲ್ಪ ಮೊಟಕು ಮಾಡಿದ್ದಾರೆ, ಹಾಗೆ ಮೊಟಕಾದದ್ದು ಬೆಳಕಿಗೆ ಅಲುಗಾಡುವುದೇ ಇಲ್ಲವೇನೋ ಎಂದು. ಅಲುಗಾಡದ ಪ್ರೋಟೀನಿನ ಫೋಟೋ ತೆಗೆದು ಏನು ಪ್ರಯೋಜನ?

"ಅಲುಗಾಡುತ್ತೆ" ಎಂದರು ಮೇಡಂ. "ಹರಳನ್ನೇ ಒಡೆಯೋಷ್ಟು ಜೋರಾಗಿ ಅಲುಗಾಡುತ್ತೆ."

ಗುಂಗುರು ನನ್ನ ಎರಡೂ ಕೈ ಹಿಡಿದು ಕುಲುಕಿದಳು. ಹತ್ತು ನಿಮಿಷದ ಹಿಂದೆ ಅತ್ತವಳು.

ಮನೆಯಲ್ಲಿ ತಮ್ಮನ ಹೆಂಡತಿ ನನಗಾಗಿ ಕಾಯುತ್ತಿದ್ದಳು. "ಇಡೀ ಕಟ್ಟಡಕ್ಕೆ ಗೊತ್ತಾಗಿದೆ. ಕ್ಯಾಂಟೀನಿನಲ್ಲಿ ನಿಮ್ಮನ್ನ ಕೆಂಪಣ್ಣ ಅಂತಿದ್ದಾರೆ."

"ನಿನಗೆ ಅವಮಾನ ಆಯ್ತಾ?"

"ನಾನೂ ಎರಡು ಸಲ ಹಾಗೇ ಅಂದೆ" ಎಂದು ಬಡಿಸಿದಳು. ಎರಡನೆಯ ಸಲವೂ ಬಡಿಸಿಕೊಂಡೆ.

ಏಪ್ರಿಲ್ ೪, ಶುಕ್ರವಾರ

ಈಗ ಎರಡು ಕಪಾಟು. ಒಂದರಲ್ಲಿ ಕತ್ತಲೆಯ ಟ್ರೇ. ಅದರಲ್ಲಿ ಮತ್ತೆ ಮೊದಲಿನ ಹರಳು ಬೆಳೆಸಬೇಕು. ಇನ್ನೊಂದು ಕೆಂಪು ಕಪಾಟು. ಪ್ರೋಟೀನು ಮೊದಲೇ ಕಾಲು ಚಾಚಿಕೊಂಡು ಆಮೇಲೆ ಸಾಲಿಗೆ ನಿಲ್ಲಲಿ, ಆಗ ಒಡೆಯುವ ಮಾತಿಲ್ಲ ಎಂಬುದು ಗುಂಗುರುವಿನ ಲೆಕ್ಕ. ಕತ್ತಲಲ್ಲಿಟ್ಟರೆ ಅದು ನಿಧಾನವಾಗಿ ಹಳೆಯ ಆಕಾರಕ್ಕೇ ವಾಪಸಾಗುತ್ತದಂತೆ. ಆದ್ದರಿಂದ ಕೆಂಪು ದೀಪ ಆರುವಂತಿಲ್ಲ. ಎರಡು ಆಕಾರವೂ ಸಿಕ್ಕರೆ ಬೆಳಕು ಏನು ಮಾಡಿತೆಂದು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಕೆಂಪು ಕಪಾಟು ನನ್ನ ಜವಾಬ್ದಾರಿ. ಮೇಡಂ ಹೇಳಿದ್ದು. ನಗದೆಯೇ ಹೇಳಿದರು.

ನಮ್ಮ ಹಳೆಯ ದೀಪ ಬಿಸಿಯಾಗುತ್ತದೆ, ಹನಿ ಆರಿಬಿಡುತ್ತದೆ. ಎಲ್‌ಇಡಿ ಬೇಕು. ಸ್ಟೋರಿಗೆ ಹೋದೆ.

"ಸಹಿ ಹಾಕಿ ಭಾವ."

"ಮನೆಗೆ ಹೋಗ್ತಾ ಹಾಕ್ತೀನಿ, ಅರ್ಜೆಂಟಿದೆ."

"ಮನೆಯವರು ಅಂತ ಬಿಡೋಕಾಗಲ್ಲ. ನಾಳೆ ಕೆಂಪು ದೀಪ ಕೊಟ್ಟವಳು ನಾನು ಅಂತ ಗೊತ್ತಾದರೆ ನನಗೂ ಒಂದು ಹೆಸರಿಡ್ತಾರೆ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಸಹಿ ಹಾಕಿದೆ. ಇದನ್ನೆಲ್ಲ ತಮ್ಮನಿಗೆ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಬೆಳಕಿನ ವಿಷಯದಲ್ಲಿ ತನಗೆ ತಿಳಿಯದ್ದಿಲ್ಲ ಎಂಬ ಜಂಬ ಅವನಿಗೆ.

ಏಪ್ರಿಲ್ ೧೩, ಭಾನುವಾರ

ಕತ್ತಲೆಯ ಟ್ರೇಯಲ್ಲಿ ಹರಳು ಮತ್ತೆ ಬಂದಿದೆ, ಮೊದಲಿನ ಹಾಗೇ. ಕೆಂಪಿನಲ್ಲಿ ಬರೀ ರಾಡಿ. ಫೋಟೋ ತೊಳೆಯುವ ಹಳೆಯ ಡೆವಲಪರ್ ದ್ರಾವಣದ ತಳದಲ್ಲಿ ನಿಲ್ಲುತ್ತಿತ್ತಲ್ಲ, ಅಂಥದು.

ಶುಕ್ರವಾರ ಮೇಡಂ, ಕೆಂಪನ್ನು ಬಿಡೋಣ, ಇರುವ ಹರಳು ಒಯ್ದರೆ ಸಾಕು ಎಂದರು. ಗುಂಗುರು ತಲೆ ತಗ್ಗಿಸಿದಳು. ನಾನು ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದವನು, "ಒಂದು ವಾರ ಕೊಡಿ ಮೇಡಂ" ಎಂದೆ. ಯಾಕೆ ಎಂದು ಕೇಳಿದರು. ಕಾರಣ ನನ್ನ ಹತ್ತಿರ ಇರಲಿಲ್ಲ. "ಒಡೆದಿದ್ದನ್ನ ನೋಡಿದ್ದೀನಿ. ಅದು ಏನಾಗೋಕೆ ಹೊರಟಿತ್ತು ಅಂತ ನೋಡಬೇಕು" ಎಂದೆ. ಮೇಡಂ ನನ್ನ ಮುಖವನ್ನೇ ನೋಡಿದರು. "ಒಂದೇ ವಾರ. ಸೋಮವಾರದಿಂದ ಲೆಕ್ಕ" ಎಂದರು.

ನೆನ್ನೆ ಗುಂಗುರು ದ್ರಾವಣದ ಉಪ್ಪು ಬದಲಿಸಿ ಹೊಸ ಹನಿಗಳನ್ನಿಟ್ಟಳು. ಆಕಾರ ಬೇರೆಯಾದ ಮೇಲೆ ಪಕ್ಕದವರೊಂದಿಗೆ ಹೊಂದಿ ಕೂರುವ ರೀತಿಯೂ ಬೇರೆಯಾಗಬೇಕು, ಹಳೆಯ ಉಪ್ಪು ಹೊಂದುವುದಿಲ್ಲ ಎಂದು ಅವಳ ವಾದ. ಮನೆಯಲ್ಲಿ ಅದನ್ನೇ ಹೇಳುತ್ತಿದ್ದರೆ ತಮ್ಮನ ಹೆಂಡತಿ, "ಹಾಗಾದ್ರೆ ಎಷ್ಟು ಥರ ಉಪ್ಪು ಉಳಿದಿದೆ ನೋಡಿ ಹೇಳ್ತೀನಿ, ಮೇಲಿನ ಕಪಾಟಲ್ಲಿ ಯಾರೂ ಕೇಳದವು ಸುಮಾರಿವೆ" ಎಂದಳು. ಊಟ ಮುಗಿದು ತಟ್ಟೆ ಒಣಗಿದರೂ ಎದ್ದಿರಲಿಲ್ಲ ನಾವು.

ಏಪ್ರಿಲ್ ೨೦, ಭಾನುವಾರ

ಕೆಂಪಿನಲ್ಲಿ ಹರಳು. ಮೂರೇ ಮೂರು.

ಇಟ್ಟಿಗೆಯಂತಿಲ್ಲ. ತೆಳ್ಳಗೆ, ಚಪ್ಪಟೆ, ಗಾಜಿನ ಸಿಪ್ಪೆಯ ಹಾಗೆ. ಅದೇ ಪ್ರೋಟೀನು, ಬೇರೆಯೇ ಹರಳು. ದೀಪದ ಮೇಲೆ ಇಟ್ಟುಕೊಂಡು ಎಷ್ಟು ಹೊತ್ತು ನೋಡಿದೆ. ಒಡೆಯಲಿಲ್ಲ. ಇನ್ನೂ ನೋಡಿದೆ. ಒಡೆಯಲಿಲ್ಲ. ಕೆಂಪು ಬೆಳಕು ಧಾರಾಳವಾಗಿ ಬೀಳುತ್ತಿದೆ, ಅವು ಹಾಯಾಗಿ ಕೂತಿವೆ.

ಗುಂಗುರುವಿಗೆ ಫೋನ್ ಮಾಡಿದೆ. "ಬಂತು" ಎಂದೆ. ಆ ಕಡೆಯಿಂದ ಏನೋ ಬಿದ್ದ ಸದ್ದು. ಒಂದು ಕಾಲಿಗೆ ಒಂದು ಜೊತೆಯ ಚಪ್ಪಲಿ, ಇನ್ನೊಂದಕ್ಕೆ ಬೇರೆ ಜೊತೆಯದು ಹಾಕಿಕೊಂಡು ಬಂದಳು.

ಏಪ್ರಿಲ್ ೨೬, ಶನಿವಾರ

ಹರಳು ಎತ್ತಿ ಹೆಪ್ಪುಗಟ್ಟಿಸುವ ದಿನ. ರೆಪ್ಪೆಗೂದಲಿನಂಥ ಎಳೆಯ ಕುಣಿಕೆಯಲ್ಲಿ ಒಂದು ಹರಳನ್ನು ಎತ್ತಿ, ಹೊಗೆಯಾಡುವ ದ್ರವ ಸಾರಜನಕದಲ್ಲಿ ಅದ್ದಬೇಕು. ಅದ್ದಿದ ಕ್ಷಣದಲ್ಲಿ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ನಿಲ್ಲುತ್ತದೆ. ಕತ್ತಲೆಯ ಹರಳುಗಳನ್ನು ಗುಂಗುರು ಹಸಿರು ದೀಪದಲ್ಲಿ ಸುಲಭವಾಗಿ ಎತ್ತಿದಳು, ಒಂದು ಡಜನ್ ಮೇಲಾಯಿತು. ಕೆಂಪಿನ ಮೂರಕ್ಕೆ ಬಂದಾಗ ಕೈ ಒರೆಸಿಕೊಂಡು ಕುರ್ಚಿ ಹತ್ತಿರ ಎಳೆದುಕೊಂಡಳು. ನಾನು ಕೆಂಪು ದೀಪ ಹಿಡಿದಿದ್ದೆ, ಮೇಡಂ ಪಕ್ಕದಲ್ಲಿದ್ದರು.

ಸಾರಜನಕದ ಡಬ್ಬವನ್ನು ಕಳಿಸಿಕೊಡುವ ಬದಲು ತಮ್ಮನ ಹೆಂಡತಿ ತಾನೇ ತಳ್ಳಿಕೊಂಡು ಬಂದಿದ್ದಳು. ಬಂದವಳು ಬಾಗಿಲ ಬಳಿಯೇ ನಿಂತಳು, ಹೋಗಲಿಲ್ಲ.

ಮೊದಲನೆಯದು ಕುಣಿಕೆಗೆ ಬಂದು ಜಾರಿತು. ಹೋಯಿತು. ಗುಂಗುರು ಕೈ ಕೆಳಗಿಟ್ಟು ಕಣ್ಣು ಮುಚ್ಚಿದಳು.

"ಅವಸರ ಏನಿಲ್ಲಮ್ಮ" ಎಂದೆ. "ದೀಪ ನಾನು ಹಿಡಿದಿರ್ತೀನಿ. ಸಂಜೆವರೆಗೂ ಹಿಡಿದಿರ್ತೀನಿ."

ಎರಡನೆಯದು ಸಿಕ್ಕಿತು. ಮೂರನೆಯದೂ ಸಿಕ್ಕಿತು. ಬಾಗಿಲ ಬಳಿಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

"ನೀವು ಯಾರು?" ಎಂದು ಮೇಡಂ ಆಗ ಗಮನಿಸಿ ಕೇಳಿದರು.

"ಕೆಂಪಣ್ಣನ ಕಡೆಯವಳು" ಎಂದಳು.

ಏಪ್ರಿಲ್ ೨೯, ಮಂಗಳವಾರ

ಮೇಡಂ, ಗುಂಗುರು ಇಬ್ಬರೂ ನೆನ್ನೆ ಯಂತ್ರದ ಊರಿಗೆ ಹೊರಟರು. ಇಂದು ಸರದಿ. ಸಂಜೆ ಗುಂಗುರು ಕಳಿಸಿದ ಸುದ್ದಿ: ಕತ್ತಲೆಯವು ಚೆನ್ನಾಗಿವೆ, ಆಕಾರ ಸಿಕ್ಕಿತು, ನಾಲಿಗೆ ಚಪ್ಪಟೆ. ಕೆಂಪಿನ ಒಂದರಲ್ಲಿ ಚುಕ್ಕೆಗಳೇ ಬೀಳಲಿಲ್ಲ. ಉಳಿದ ಒಂದನ್ನು ನಾಳೆ ಬೆಳಿಗ್ಗೆ ಇಡುತ್ತಾರೆ.

ತೊಳೆದ ಸೀಸೆಗಳನ್ನೇ ಮತ್ತೆ ತೊಳೆದೆ.

ಏಪ್ರಿಲ್ ೩೦, ಬುಧವಾರ

ಬೆಳಿಗ್ಗೆ ಸುದ್ದಿಯಿಲ್ಲ. ಮಧ್ಯಾಹ್ನ ಸ್ಟೋರಿನ ಕಿಟಕಿಗೆ ಮೂರು ಸಲ ಹೋದೆ, ಏನೂ ಬೇಕಿರಲಿಲ್ಲ. "ನನ್ನ ಹತ್ತಿರ ಫೋನ್ ಬರಲ್ಲ ಭಾವ, ನಿಮ್ಮ ಜೇಬಲ್ಲೇ ಇದೆ ಅದು" ಎಂದು ಓಡಿಸಿದಳು. ಸಾಲಿನಲ್ಲಿದ್ದವನೊಬ್ಬ ಏನು ವಿಷಯ ಎಂದ. ಹೇಳಲು ಶುರು ಮಾಡಿದೆ, ಜೇಬಿನಿಂದ, ಪೆಟ್ಟಿನ ಬಣ್ಣದಿಂದ, ಮಗ್ಗಲು ಬದಲಿಸುವುದರಿಂದ. ಅವನು ತನ್ನ ಸಾಮಾನು ತೆಗೆದುಕೊಳ್ಳುವುದನ್ನೇ ಮರೆತ.

ಫೋನ್ ಬಂದದ್ದು ಸಂಜೆ ಮನೆಗೆ ಬಂದ ಮೇಲೆ. ತಮ್ಮನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ನಾನು ಎತ್ತಿದೆ. ಗುಂಗುರುವಿನ ಹಿಂದೆ ಯಂತ್ರದ ಗುಂಯ್ ಸದ್ದು, ಅವಳ ಉಸಿರು, ಆಮೇಲೆ ಮಾತು.

"ಅಣ್ಣ. ಸುರುಳಿ."

"ಇನ್ನೊಂದು ಸಲ ಹೇಳು."

"ಸುರುಳಿ ಅಣ್ಣ. ಬಣ್ಣದ ತುದಿ ಮಗ್ಗಲು ಬದಲಿಸಿದೆ, ಜೇಬಿನ ಬಾಯಿ ಸರಿದಿದೆ, ನಾಲಿಗೆ ಪೂರ್ತಿ ಸುರುಳಿಯಾಗಿದೆ. ತೆರೆಯ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟಿದ್ದೀವಿ. ಮೇಡಂ ಎದ್ದು ಓಡಾಡ್ತಿದ್ದಾರೆ. ಪ್ರೋಟೀನಿನ ಎರಡೂ ತೋಳು ದೂರ ಸರಿದಿವೆ. ಯಾವ ಕಡೆಗೆ ಗೊತ್ತಾ? ನೀವು ಹೇಳಿದ್ರಲ್ಲ, ಉದ್ದಕ್ಕೆ ಸೀಳಿತು ಅಂತ. ಅದಕ್ಕೆ ಸರಿಯಾಗಿದೆ."

ಫೋನ್ ಇಟ್ಟು ತಿರುಗಿದೆ. ಅವಳು ನಲ್ಲಿ ನಿಲ್ಲಿಸದೆ ನನ್ನನ್ನೇ ನೋಡುತ್ತಿದ್ದಳು.

"ಸುರುಳಿಯಂತೆ" ಎಂದೆ.

ಅವಳು ಕೈಗೆ ಸಿಕ್ಕ ಒದ್ದೆ ಬಟ್ಟೆಯನ್ನು ಬಿಡಿಸಿ ಎರಡು ತುದಿ ಹಿಡಿದು ತೋರಿಸಿದಳು. "ಕತ್ತಲಲ್ಲಿ ಹೀಗೆ."

"ಹೀಗೆ."

"ಬೆಳಕು ಬಿತ್ತು ಭಾವ." ಎರಡೂ ಕೈಯಿಂದ ಹಿಂಡಿದಳು. "ಹೀಗಾ?"

"ಇನ್ನೂ ಬಿಗಿಯಾಗಿ."

"ಹೀಗಾ?"

"ಒಂದು ತುದಿ ಬಿಡಬಾರದು. ಬಿಟ್ಟರೆ ಸುದ್ದಿ ಮುಟ್ಟಲ್ಲ."

ಅವಳು ಹಲ್ಲು ಕಚ್ಚಿ ಇನ್ನೊಂದು ಸುತ್ತು ಹಿಂಡಿದಳು. ನೀರು ಚಿಮ್ಮಿ ನನ್ನ ಕನ್ನಡಕಕ್ಕೆ ಬಿತ್ತು. ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಕಿಟಕಿ ತೆರೆದು, ಏನಾಯ್ತು, ಎಲ್ಲಾ ಸರಿ ಇದೆಯಾ ಎಂದು ಕೇಳಿದರು. ಅವರಿಗೆ ಹೇಳಲು ಹೋದೆ. ಮೊದಲಿನಿಂದ ಹೇಳಬೇಕಾಯಿತು. ಮುಗಿಯುವ ಹೊತ್ತಿಗೆ ನಲ್ಲಿಯ ನೀರು ತೊಟ್ಟಿ ತುಂಬಿ ಅಡುಗೆಮನೆಯ ನೆಲವೆಲ್ಲ ಹರಿದಿತ್ತು. ಒರೆಸುವ ಬಟ್ಟೆ ಮಾತ್ರ ಇನ್ನೂ ಅವಳ ಕೈಯಲ್ಲಿ ಸುರುಳಿಯಾಗಿಯೇ ಇತ್ತು.